ನ್ಯೂಯಾರ್ಕಿನ ಜೇವಿಯರ್, ಅನುಸೂಯಾಬಾಯಿಯ ತೆಂಗಿನಕಾಯಿ

ಹಳಿಯಾಳದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಕರಣಿ ಹಿಡಿದು ಗೋಡೆ ಕಟ್ಟುತ್ತಿರುವ ಗೌಂಡಿ ಜೇವಿಯರನನ್ನು ತೋರಿಸಿ, ಈ ಮನುಷ್ಯ ಒಂದು ಕಾಲಕ್ಕೆ ರ‍್ಯಾಪ್ ಹಾಡುತ್ತಿದ್ದ, ಇವನ ಹಾಡಿಗೆ ಗೋವಾದಲ್ಲಿ ಬಿಳಿಯರು ಊಟದ ತಟ್ಟೆ ಬಿಟ್ಟೆದ್ದು ಕುಣಿಯುತ್ತಿದ್ದರು ಅಂತ ಹೇಳಿ ನೋಡಿ. ಕೇಳಿದವರು ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಅವರದೇನೂ ತಪ್ಪಿಲ್ಲ ಬಿಡಿ. ಇವತ್ತಿನ ಜೇವಿಯರನ ಬಾಯಿಂದ ದಿನಕ್ಕೆ ಎರಡೇ ಮಾತು ಹೊರಡುವುದು: ಇಟ್ಟಿಗೆ ಬೇಕಾದಾಗ ‘ಇಟ್ಟಂಗಿ’, ನೀರು ಬೇಕಾದಾಗ ‘ನೀರ’. ಹೆಂಡತಿ ಮಾಗ್ದಲೀನಾ ಮನೆಯಲ್ಲಿ ಅವನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಾಳೆ.

ತೊಂಬತ್ತೇಳನೇ ಇಸವಿಯ ಜೇವಿಯರ್ ಬೇರೆಯೇ ಮನುಷ್ಯ. ಹಳಿಯಾಳದಿಂದ ಮುಂಡಗೋಡದ ತನಕ ಸಿದ್ದಿಗಳ ಯಾವ ಕೇರಿಯಲ್ಲಿ ಮದುವೆಯಾದರೂ ಡಮಾಮ್ ಡೋಲು ಬಡಿಯಲು ಅವನೇ ಬೇಕು. ಬಡಿಯುತ್ತ ಬಡಿಯುತ್ತ ಬೀಗರ ಮೀಸೆ, ಅಡುಗೆಯ ಉಪ್ಪು, ಮದುಮಗನ ಸಾಲದ ಚಪ್ಪಲಿ ಎಲ್ಲವನ್ನೂ ಪ್ರಾಸ ಹಾಕಿ ಉಸಿರು ಬಿಡದೆ ಹೇಳುತ್ತಿದ್ದ. ಬೈಸಿಕೊಂಡವರೇ ಇನ್ನಷ್ಟು ಬೈ ಅನ್ನುತ್ತಿದ್ದರು. ಅವನ ಬಣ್ಣ, ಗುಂಗುರು ಕೂದಲು ಆಫ್ರಿಕಾದ್ದು. ಆದರೆ ಯಾವ ಕಾಲದಲ್ಲೋ ಹಡಗು ಹತ್ತಿಸಿ ತಂದ ಹಿರಿಯರ ಊರು ಯಾವುದೆಂದು ಅವನಿಗೂ ಗೊತ್ತಿಲ್ಲ, ಅವನಜ್ಜನಿಗೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದ ಊರೆಂದರೆ ಹಳಿಯಾಳದ ಕಾಡಂಚಿನ ಕೇರಿ, ಅಷ್ಟೇ.

ರ‍್ಯಾಪ್ ಅವನಿಗೆ ಸಿಕ್ಕಿದ್ದು ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ. ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ ಒಂದು ಕೋಣೆಯ ಕಿಟಕಿಯಿಂದ ಕ್ಯಾಸೆಟ್ಟಿನ ಸದ್ದು ಬಂತು. ಇಣುಕಿ ನೋಡಿದರೆ ಗೋಡೆಯ ಮೇಲೆ ದೊಡ್ಡ ದೊಡ್ಡ ಎರಡು ಪೋಸ್ಟರು. ಒಂದರಲ್ಲಿ ಚಿನ್ನದ ಸರ ಹಾಕಿದ ಹಾಡುಗಾರ, ಇನ್ನೊಂದರಲ್ಲಿ ಚೆಂಡು ಹಿಡಿದು ಆಕಾಶಕ್ಕೆ ಹಾರಿದ ಬಾಸ್ಕೆಟ್‌ಬಾಲ್ ಆಟಗಾರ. ಇಬ್ಬರೂ ಕರಿಯರು, ಇಬ್ಬರೂ ತನ್ನ ಕಾಕನ ಮಕ್ಕಳ ಹಾಗೆ. ತನ್ನಂಥ ಮುಖವನ್ನೂ ಜನ ಗೋಡೆಗೆ ಅಂಟಿಸಿಕೊಂಡು ನೋಡುತ್ತಾರೆ ಅಂತ ಅವನಿಗೆ ತಿಳಿದದ್ದೇ ಆವತ್ತು. ತಲೆಯ ಮೇಲಿನ ಬುಟ್ಟಿ ಇಳಿಸದೆ ನಿಂತೇಬಿಟ್ಟಿದ್ದ.

ಅದೇ ಕ್ಯಾಂಪಿನ ಮೈದಾನದಲ್ಲಿ ಟಿಬೆಟನ್ ಹುಡುಗರ ಜೊತೆ ಆಡುತ್ತಿದ್ದವನು ಮಾಲತೇಶ. ಆರಡಿ ಮೂರಿಂಚು ಎತ್ತರ, ಮುಂಡಗೋಡ ಕಡೆಯ ಸಿದ್ದಿ ಕೇರಿಯವನು. ಹನ್ನೆರಡನೇ ವಯಸ್ಸಿಗೇ ಅವನ ಕಾಲುದ್ದ ಅಳೆದು ದೂರದ ಊರಿನ ಕ್ರೀಡಾ ಹಾಸ್ಟೆಲಿಗೆ ಕರೆದೊಯ್ದಿದ್ದರು. ಆರು ವರ್ಷ ಆಡಿಸಿ, ಒಂದು ದಿನ ಯೋಜನೆ ನಿಂತಿತು ಅಂತ ಮನೆಗೆ ಕಳಿಸಿದರು. ಬರುವಾಗ ಒಂದು ಸವೆದ ಚೆಂಡು ತಂದಿದ್ದ. ಮಾತು ಕಡಿಮೆ. ಮಾತಿನ ಮಲ್ಲ ಜೇವಿಯರನಿಗೂ ಮೌನಿ ಮಾಲತೇಶನಿಗೂ ದೋಸ್ತಿ ಆದದ್ದರಲ್ಲಿ ಆಶ್ಚರ್ಯವೇನಿದೆ, ಒಬ್ಬ ಹೇಳಬೇಕು, ಇನ್ನೊಬ್ಬ ಕೇಳಬೇಕು.

ಇವರಿಬ್ಬರನ್ನೂ ಒಟ್ಟಿಗೆ ನೋಡಿದ ಗೋವಾದ ಹೋಟೆಲಿನವನೊಬ್ಬ, ಚಳಿಗಾಲದ ಸೀಜನ್ನಿಗೆ ಬನ್ನಿ ಅಂದ. ಕೆಲಸ ಇಷ್ಟೇ: ಒಬ್ಬ ಹಾಡಬೇಕು, ಇನ್ನೊಬ್ಬ ಆ ತಾಳಕ್ಕೆ ಚೆಂಡು ಪುಟಿಸಿ ಬೆರಳ ಮೇಲೆ ತಿರುಗಿಸಬೇಕು. ಷರತ್ತೂ ಒಂದೇ. ಬಂದವರಿಗೆ ಇವರು ಅಮೆರಿಕಾದವರು.

ಹೊರಡುವ ಮುನ್ನ ಮಾಲತೇಶನ ತಾಯಿ ಅನುಸೂಯಾಬಾಯಿ ಜೇವಿಯರನನ್ನು ಒಳಗೆ ಕರೆದಳು. ಅವಳಿಗಿದ್ದವನು ಇವನೊಬ್ಬನೇ ಮಗ. ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಸಣ್ಣ ಕಟ್ಟೆ, ಅದರ ಮೇಲೆ ಕುಂಕುಮ ಹಚ್ಚಿದ ತೆಂಗಿನಕಾಯಿ. ಅದೇ ಅವರ ಮನೆಯ ಹಿರಿಯರು. ಸತ್ತವರೆಲ್ಲ ಆ ಕಾಯಲ್ಲಿ ಕೂತಿರುತ್ತಾರೆ ಅಂತ ನಂಬಿಕೆ. ವರ್ಷಕ್ಕೊಮ್ಮೆ, ದಸರೆಯ ಮಾನೌಮಿಗೆ, ಹಳೆಯ ಕಾಯಿ ಒಡೆದು ಎಲ್ಲರಿಗೂ ಹಂಚಿ ಹೊಸದನ್ನು ಕೂರಿಸುತ್ತಾರೆ. ಆ ದಿನ ಕ್ರೈಸ್ತರು, ಮುಸಲ್ಮಾನರು ಅನ್ನದೆ ಸಿದ್ದಿಗಳೆಲ್ಲ ಬಂದು ಉಣ್ಣುತ್ತಾರೆ. ಕೂರಿಸಿದ ಮೇಲೆ ವರ್ಷ ತುಂಬುವ ತನಕ ಅದನ್ನು ಕದಲಿಸುವ ಹಾಗಿಲ್ಲ.

“ಹಿರಿಯರ್ನ ಮುಟ್ಟಿ ಹೇಳು,” ಅಂದಳು. “ಹಿಂದಕ ನಮ್ಮೋರ್ನ ಕೆಲಸ ಐತಿ ಬರ್ರಿ ಅಂತ ಕರಕೊಂಡ ಹೋದೋರು ತಿರುಗಿ ತಂದ ಬಿಟ್ಟಿಲ್ಲ. ಇಬ್ರು ಹೋಗ್ತೀರಿ, ಇಬ್ರು ಬರ್ಬೇಕು.”

ಜೇವಿಯರ್ ಶಿಲುಬೆಯ ಗುರುತು ಹಾಕಿಕೊಂಡು ಕಾಯಿ ಮುಟ್ಟಿದ. “ಹೋಳಿ ಹಬ್ಬಕ್ಕ ಇಬ್ರೂ ಬರ್ತೇವಿ ಕಾಕು,” ಅಂದ.

ಗೋವಾದ ನಾಲ್ಕು ತಿಂಗಳು ಅವನು ಹಾಡಿದ್ದು ಎಷ್ಟೋ, ಹೆದರಿದ್ದು ಅದಕ್ಕಿಂತ ಹೆಚ್ಚು. ಕ್ಯಾಸೆಟ್ಟು ಕೇಳಿ ಬಾಯಿಪಾಠ ಮಾಡಿದ ಇಂಗ್ಲಿಷು ಎರಡು ಹಾಡಿಗೇ ಮುಗಿಯುತ್ತಿತ್ತು. ಆಮೇಲೆ ಬಾಯಿಗೆ ಬಂದ ಶಬ್ದ, ನಡುವೆ ಬಸ್ ಹಾದಿಯ ಊರುಗಳ ಹೆಸರು, ಎಲ್ಲ ಗಡಗಡನೆ ನುಂಗಿ ನುಂಗಿ ಉಗುಳುತ್ತಿದ್ದ. ಬಿಳಿಯರು ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಗೋವಾದಲ್ಲಿ ಕಲ್ಲು ಹೊರುವವರು, ಪಾತ್ರೆ ತೊಳೆಯುವವರು ಎಲ್ಲ ನಮ್ಮ ಕಡೆಯವರೇ ಅಲ್ಲವೇ? ಯಾರಾದರೂ ಒಬ್ಬರು ಎದ್ದುನಿಂತು “ಏ, ಇವ ಹಳಿಯಾಳದ ಗೌಂಡಿ” ಅಂದರೆ ಮುಗಿಯಿತು. ಹೋಟೆಲಿನವನು ಬೇರೆ ಹೆದರಿಸಿಟ್ಟಿದ್ದ: ಹೊರಗೆ ಕನ್ನಡ, ಕೊಂಕಣಿ ಒಂದಕ್ಷರ ಬರಕೂಡದು, ಖಾಕಿ ಹಾಕಿದ ಕಾವಲುಗಾರ ಮಾತಾಡಿಸಿದರೂ ಆ ಹಾಡಿನ ಭಾಷೆಯಲ್ಲೇ ಉತ್ತರ ಕೊಡಬೇಕು. ಜೇವಿಯರ್ ಹಾಗೇ ಮಾಡಿದ. ಖಾಕಿ ಕಂಡರೆ ಸಾಕು, ನಾಲಿಗೆ ತಾನಾಗಿ ಆ ಕಡೆ ಹೊರಳುವಷ್ಟು ರೂಢಿಯಾಯಿತು.

ಸೀಜನ್ ಮುಗಿದು ಊರಿಗೆ ಹೊರಟಾಗ ಹೋಟೆಲಿನ ಬಾಗಿಲಲ್ಲಿದ್ದ ಪೋಸ್ಟರನ್ನು ಜೇವಿಯರ್ ಬಿಡಿಸಿಕೊಂಡ. ಚೆಂಡು ಹಿಡಿದ ಮಾಲತೇಶ ಅದರಲ್ಲಿ ಸ್ಪಷ್ಟವಾಗಿದ್ದ. ಪಕ್ಕದಲ್ಲಿ ಕಪ್ಪು ಕನ್ನಡಕ, ಮೂಗಿನ ತನಕ ಇಳಿದ ಟೋಪಿ, ಚೂರು ಗದ್ದ, ಅದು ಜೇವಿಯರ್. ಕೆಳಗೆ ದಪ್ಪ ಅಕ್ಷರದಲ್ಲಿ, ನೇರವಾಗಿ ನ್ಯೂಯಾರ್ಕಿನಿಂದ. ತನ್ನ ಚೀಲ ತುಂಬಿತ್ತೆಂದು ಅದನ್ನು ಸುತ್ತಿ ಮಾಲತೇಶನ ಚೀಲಕ್ಕೆ ತುರುಕಿದ.

“ಅಂಗಿ ಬದಲ್ ಮಾಡೂಣು,” ಅಂದ ಮಾಲತೇಶ. ಮೈಮೇಲೆ ಅಮೆರಿಕಾದ ತಂಡದ ತೋಳಿಲ್ಲದ ಕೆಂಪು ಅಂಗಿ ಇತ್ತು.

“ಯಾಕ? ಊರ ಮಂದಿ ನೋಡ್ಲಿ. ಹಿಂಗ ಹೋಗೂಣು,” ಅಂದ ಜೇವಿಯರ್. ದೊಡ್ಡಸ್ತಿಕೆ, ಇನ್ನೇನು. ಈ ಒಂದು ಮಾತನ್ನು ನುಂಗಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅವನು ಎಷ್ಟು ಸಲ ಅಂದುಕೊಂಡನೋ ಲೆಕ್ಕವಿಲ್ಲ.

ಗಡಿಯ ಕಾಡಿನ ಒಂದು ಪೊಲೀಸ್ ತಪಾಸಣೆ ನಾಕಾದಲ್ಲಿ ಬಸ್ ನಿಂತಿತು. ಹಾಡುಹಗಲು, ಹನ್ನೊಂದು ಗಂಟೆಯ ಬಿಸಿಲು. ಆ ವಾರ ಕಾಗದಪತ್ರವಿಲ್ಲದೆ ತಿರುಗುವ ವಿದೇಶಿಯರನ್ನು ಹುಡುಕುತ್ತಿದ್ದರಂತೆ. ಪೊಲೀಸನೊಬ್ಬ ಹತ್ತಿ ಎಲ್ಲರ ಮುಖ ನೋಡುತ್ತ ಬಂದು ಇವರಿಬ್ಬರ ಮುಂದೆ ನಿಂತ. ಬೆರಳು ತೋರಿಸಿ ಕೆಳಗಿಳಿಸಿದ.

“ಪಾಸ್‌ಪೋರ್ಟ್,” ಅಂದ.

ಜೇವಿಯರನ ಕಣ್ಣಿಗೆ ಕಂಡದ್ದು ಖಾಕಿ ಒಂದೇ. ಬಾಯಿ ತೆರೆಯಿತು, ಹೊರಗೆ ಬಂದದ್ದು ಆ ಹೋಟೆಲಿನ ಭಾಷೆ. ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ. ಪೊಲೀಸನ ಹುಬ್ಬು ಮೇಲೇರಿತು.

“ನಾ ಮುಂಡಗೋಡ ಕಡಿಯಾವ್ರಿ ಸಾಹೇಬ್ರ,” ಅಂದ ಮಾಲತೇಶ ಮೆಲ್ಲಗೆ.

“ಕನ್ನಡಾನೂ ಕಲಿಸಿ ಕಳಿಸ್ಯಾರಲ್ಲ,” ಅಂತ ಪೊಲೀಸ ಅವನ ಚೀಲ ಬಿಚ್ಚಿದ. ಸುತ್ತಿದ ಪೋಸ್ಟರು ಹೊರಗೆ ಬಂತು. ಹರವಿ ಓದಿದ. ಒಮ್ಮೆ ಚಿತ್ರ ನೋಡಿದ, ಒಮ್ಮೆ ಮಾಲತೇಶನನ್ನು ನೋಡಿದ. ಇನ್ನು ಹೇಳುವುದೇನು ಉಳಿದಿತ್ತು?

ಅಷ್ಟರಲ್ಲಿ ಬಸ್ಸಿನಿಂದ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ ಇಳಿದಳು. ಹಳಿಯಾಳದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಚುರುಮುರಿ ಅಂಗಡಿ ಇಟ್ಟಿರುವ ಗೋದುಬಾಯಿ.

“ಜೇವಿಯರಾ, ನಮ್ಮ ಹಿತ್ತಲ ಗ್ವಾಡಿ ಅರ್ಧಾ ಬಿಟ್ಟು ಇಲ್ಲಿ ಏನ ವೇಷ ಹಾಕ್ಕೊಂಡ ತಿರಗಾಕತ್ತಿ?”

“ಇವ ಗೊತ್ತೇನ್ರಿ ನಿಮಗ?” ಅಂದ ಪೊಲೀಸ.

“ಗೊತ್ತೇನ ಅಂದ್ರ? ಇವರಪ್ಪ ನಮ್ಮ ಮನಿ ಪಾಯಾ ತಗದಾಂವ. ಇಂವಾ ಸಣ್ಣಾಂವಿದ್ದಾಗಿಂದ ಹಿಂಗ, ಬಾಯಿಗೆ ಬಂದದ್ದ ಹಾಡ್ಕೋತ ಹೊಂಟಿರ್ತಾನ.”

“ಈ ಎತ್ತರದಾಂವ?”

ಗೋದುಬಾಯಿ ಮಾಲತೇಶನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. “ಇವನ್ನ ನಾ ಕಂಡಿಲ್ಲಪ್ಪ. ಸುಳ್ಳ್ಯಾಕ ಹೇಳ್ಲಿ.”

ಪೊಲೀಸ ಜೇವಿಯರನ ಕಡೆ ತಿರುಗಿದ. ಪೋಸ್ಟರಿನ ಕಪ್ಪು ಕನ್ನಡಕದವನ ಮೇಲೆ ಬೆರಳಿಟ್ಟುಕೊಂಡೇ, ಮಾಲತೇಶನ ಕಡೆ ಗದ್ದ ತೋರಿಸಿ ಕೇಳಿದ, “ನಿಂಗ ಗೊತ್ತೇನು ಇಂವಾ?”

ಹೌದು ಅಂದರೆ ಆ ಕನ್ನಡಕದವನು ತಾನೇ ಅಂದಂತೆ. ತನ್ನನ್ನೂ ಕೂರಿಸುತ್ತಾರೆ, ಯಾವ ದೇಶಕ್ಕೆ ಕಳಿಸುತ್ತಾರೋ ಯಾರಿಗೆ ಗೊತ್ತು. ಮದುವೆಮನೆಗಳಲ್ಲಿ ನೂರು ಪ್ರಾಸ ಹುಟ್ಟಿಸಿದ ಬಾಯಿ ಅವತ್ತು ಹುಟ್ಟಿಸಿದ್ದು ಇಷ್ಟು:

“ಇಲ್ರಿ ಸಾಹೇಬ್ರ. ಬಸ್ಸಿನಾಗ ಬಾಜೂಕ ಕುಂತಿದ್ದ.”

ಮಾಲತೇಶ ತಿರುಗಿ ನೋಡಿದ. ಸಿಟ್ಟಿನಿಂದ ನೋಡಿದ್ದರೆ ಎಷ್ಟೋ ಮೇಲಿತ್ತು. ಆಟದ ನಡುವೆ ಚೆಂಡು ಯಾರಿಗೆ ಕೊಡಲಿ ಅಂತ ನೋಡುತ್ತಿದ್ದನಲ್ಲ, ಹಾಗೆ ನೋಡಿದ. ಕಂಡಕ್ಟರ್ ಸೀಟಿ ಊದಿದ. ಜೇವಿಯರ್ ಹತ್ತಿ ಕೂತ. ಬಸ್ಸು ತಿರುವು ದಾಟುವ ತನಕ, ಚೆಂಡು ಕಂಕುಳಲ್ಲಿಟ್ಟುಕೊಂಡು ನಿಂತ ಕೆಂಪು ಅಂಗಿ ಹಿಂದಿನ ಗಾಜಿನಲ್ಲಿ ಕಾಣುತ್ತಲೇ ಇತ್ತು.

ಮನೆಗೆ ಬಂದವನು ಎರಡು ದಿನ ಕಂಬಳಿ ಹೊದ್ದು ಮಲಗಿದ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಮಾಗ್ದಲೀನಾ ಕಷಾಯ ಕಾಸಿದಳು, ದೃಷ್ಟಿ ತೆಗೆದಳು. ಅದು ಯಾವ ಜ್ವರ ಅಂತ ಅವಳಿಗೆ ಹೇಗೆ ಹೇಳುವುದು? ಹೊರಗೆ ನಾಯಿ ಬೊಗಳಿದರೆ ಪೊಲೀಸ ಬಂದ ಅನಿಸುತ್ತಿತ್ತು. ಹೆಂಗಸಿನ ಬಳೆ ಸದ್ದಾದರೆ ಅನುಸೂಯಾಬಾಯಿ ಬಂದಳು ಅನಿಸುತ್ತಿತ್ತು. ಎರಡರಲ್ಲಿ ಬಳೆಯ ಸದ್ದಿಗೇ ಹೆಚ್ಚು ಹೆದರಿದ.

ಮೂರನೇ ದಿನ ಅವಳು ಬಂದೇ ಬಂದಳು. ಒಳಗೆ ಇಣುಕಿ, ಮೂಲೆ ಮೂಲೆ ನೋಡಿ, “ಎಲ್ಲಿ ನನ್ನ ಮಗ?” ಅಂದಳು.

“ಮಾಲಕ ಬಿಡ್ಲಿಲ್ಲ ಕಾಕು. ಎಂಟ ದಿನದಾಗ ಬರ್ತಾನ,” ಅಂದ ಜೇವಿಯರ್ ಕಂಬಳಿಯೊಳಗಿಂದಲೇ.

ಅವಳು ಹೊಸ್ತಿಲ ಮೇಲೆ ಕೂತಳು. ಕೊಟ್ಟ ನೀರು ಕುಡಿದಳು. ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಮತ್ತೆ ಬಾಗಿಲಲ್ಲಿ ಅವಳೇ. ಎದೆಗೆ ಒಂದು ಬಟ್ಟೆಗಂಟು ಅವುಚಿಕೊಂಡಿದ್ದಳು. ಗಂಟಿನ ಸಂದಿಯಲ್ಲಿ ಕುಂಕುಮ ಕಂಡು ಜೇವಿಯರ್ ಕಂಬಳಿ ಸರಿಸಿ ಎದ್ದು ನಿಂತ. ವರ್ಷ ತುಂಬದ ಕಾಯಿಯನ್ನು ಕಟ್ಟೆಯಿಂದ ಎತ್ತಿಕೊಂಡು ಬಂದಿದ್ದಳು.

“ಮಗ ನಾಕಾದಾಗ ಪೊಲೀಸ್ರ ಕಡೆ ಅದಾನಂತ. ಬಸ್ಸಿನಾಗ ಬಂದೋರು ಹೇಳಿದ್ರು. ನಡಿ.”

ಇನ್ನೇನು ಹೇಳಿದರು, ಎಷ್ಟು ಹೇಳಿದರು, ಅವಳು ಹೇಳಲಿಲ್ಲ. ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಪಕ್ಕದಲ್ಲಿ ಕೂತ. ಅವಳ ತೊಡೆಯ ಮೇಲೆ ಆ ಗಂಟು. ತನ್ನನ್ನೂ ಒಳಗೆ ಹಾಕುತ್ತಾರೆ ಅನ್ನುವ ಭಯ ಒಂದು ಕಡೆ. ಪೊಲೀಸ ತನ್ನ ಗುರುತು ಹಿಡಿದು, ಇವಳ ಎದುರಿಗೇ ಆವತ್ತಿನ ಮಾತು ಎತ್ತಿದರೆ ಅನ್ನುವ ಭಯ ಇನ್ನೊಂದು ಕಡೆ. ದಾರಿ ಮುಗಿಯದಿರಲಿ ಅಂತ ಬೇಡಿಕೊಂಡ. ಬೇಡಿಕೊಂಡ ದಿನವೇ ಬಸ್ಸುಗಳು ಬೇಗ ಮುಟ್ಟುತ್ತವೆ.

ನಾಕಾದ ಕೋಣೆಯಲ್ಲಿ ಮಾಲತೇಶ ಬೆಂಚಿನ ಮೇಲೆ ಕೂತಿದ್ದ. ಹೊಡೆದಿರಲಿಲ್ಲ, ಊಟವನ್ನೂ ಕೊಟ್ಟಿದ್ದರು. ಆದರೆ ನಾಲ್ಕು ದಿನದಲ್ಲಿ ಅವನ ಎತ್ತರವೇ ಕಡಿಮೆಯಾದ ಹಾಗಿತ್ತು. ಅನುಸೂಯಾಬಾಯಿ ರೇಷನ್ ಕಾರ್ಡು ಚಾಚಿದಳು. ಮೇಜಿನ ಹಿಂದಿದ್ದ ಹಿರಿಯ ಅಧಿಕಾರಿ ತಿರುವಿ ನೋಡಿ, “ಇದರಾಗ ಫೋಟೋ ಇಲ್ಲಲ್ಲವಾ. ಇದು ಇವನದ ಅಂತ ಹೆಂಗ ನಂಬೂದು?” ಅಂದರು.

ಅವಳು ಗಂಟು ಬಿಚ್ಚಿ ಕಾಯಿಯನ್ನು ಅವರ ಕಾಗದಗಳ ನಡುವೆ ಇಟ್ಟಳು. ದನಿ ಏರಿಸಲಿಲ್ಲ.

“ಇವನ್ನ ಹಡದಾಗ ಹಳ್ಳ ಬಂದು ಸೂಲಗಿತ್ತಿ ಆಚೀ ದಂಡಿಗೇ ಉಳದ್ಲು. ಹೊಕ್ಕಳ ನಾನ ಕೊಯ್ದೀನಿ. ಫೋಟೋ ಬೇಕಾಗಿದ್ರ ಆಗ ಬರ್ಬೇಕಿತ್ತ ಸಾಹೇಬಾ. ಮೂರ ತಲಿಯಿಂದ ನಿಮ್ಮ ರಸ್ತೇಕ ಖಡಿ ಒಡದೇವಿ, ಚೀಟಿ ಕೊಟ್ಟಾಗೆಲ್ಲ ವೋಟ ಹಾಕೇವಿ. ವೋಟ ಬೇಕಾದಾಗ ನಮ್ಮ ಮಾರಿ ಗುರ್ತ ಸಿಗತೈತಿ, ಬಸ್ಸಿನಾಗ ಕುಂತ್ರ ಸಿಗಂಗಿಲ್ಲ. ಇಕಾ, ಇಲ್ಲಿ ಕುಂತಾಂವ ನಮ್ಮ ಮುತ್ಯಾ. ಅವನ್ನ ಕೇಳು. ಯಾವ ಹಡಗಿನಾಗ ಬಂದ, ಕಟ್ಟಿ ತಂದೋರು ಯಾರು, ಪಾಸ್‌ಪೋರ್ಟ್ ಕೇಳದನ ಯಾಕ ಇಳಿಸ್ಕೊಂಡ್ರು ಅಂತ ಕೇಳು.”

ಅಧಿಕಾರಿ ಕಾಯಿಯನ್ನು ಮುಟ್ಟಲೂ ಇಲ್ಲ, ಸರಿಸಲೂ ಇಲ್ಲ. ರೇಷನ್ ಕಾರ್ಡನ್ನು ಅವಳ ಕಡೆ ಚಾಚಿ, “ಇಂಥಾ ಮಾತು ಅಮೆರಿಕಾದಾಗ ಕಲಿಸಂಗಿಲ್ಲ. ಬಿಡ್ರಿ ಅವನ್ನ,” ಅಂದರು.

ಜೇವಿಯರ್ ಬಾಗಿಲ ಮರೆಯಲ್ಲಿ ಉಸಿರು ಬಿಟ್ಟ. ಅದೇ ಹೊತ್ತಿಗೆ ಆವತ್ತಿನ ಪೊಲೀಸ ಅವನ ಗುರುತು ಹಿಡಿದ.

“ನೀ ಆವತ್ತ ಇಂವಾ ಗೊತ್ತಿಲ್ಲ ಅಂದಿದ್ದೆಲ್ಲ?”

ಅನುಸೂಯಾಬಾಯಿ ಕಾಯಿ ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು. ಜೇವಿಯರನಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಉತ್ತರ ಬೆಂಚಿನ ಕಡೆಯಿಂದ ಬಂತು.

“ನಾನ ಹಂಗ ಹೇಳಂದಿದ್ನ್ರಿ,” ಅಂದ ಮಾಲತೇಶ. “ಇಬ್ರೂ ಸಿಕ್ಕೊಂಡ್ರ ಅವ್ವಗ ಸುದ್ದಿ ಮುಟ್ಸೋರ ಯಾರು ಅಂತ.”

ಎಂಥ ಸುಳ್ಳು ನೋಡಿ. ಮಿತ್ರನ ಮಾನ ಉಳಿಸಲಿಕ್ಕೆ ಹೇಳಿದ ಸುಳ್ಳು. ಆದರೆ ಸುದ್ದಿ ಮುಟ್ಟಿಸಬೇಕಾದವನು ನಿನ್ನೆ ಕಂಬಳಿಯೊಳಗಿಂದ ಏನು ಹೇಳಿದ್ದ ಅಂತ ಪಾಪ ಆ ಮಗನಿಗೆ ಗೊತ್ತಿರಲಿಲ್ಲ. ತಾಯಿಗೆ ಗೊತ್ತಿತ್ತು. ಮಾಲಕ ಬಿಡಲಿಲ್ಲ ಅಂದವನು ಅವಳ ಎದುರಿಗೇ ನಿಂತಿದ್ದ.

“ಹೌದೇನು,” ಅಂದಳು ಅವಳು. ಗಂಟು ಕಟ್ಟಿದಳು. “ನಡೀರಿ, ಬಸ್ ಬರತೈತಿ.”

ಅಲ್ಲಿಂದಾಚೆ ಜೇವಿಯರ್ ಹಾಡಲಿಲ್ಲ. ಮದುವೆಗೆ ಕರೆದರೆ ಡಮಾಮ್ ಬಡಿದು ಬರುತ್ತಿದ್ದ. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಗೋದುಬಾಯಿಯ ಗೋಡೆಯನ್ನು ಕೂಲಿ ತಗೊಳ್ಳದೆ ಮುಗಿಸಿಕೊಟ್ಟ. ಮಾಲತೇಶ ಮತ್ತೆ ಗಡಿ ದಾಟಲಿಲ್ಲ. ಗದ್ದೆಗೆ ಹೋಗುವಾಗಲೂ ರೇಷನ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಳ್ಳುತ್ತಾನೆ. ಮನೆ ಹಿಂದಿನ ಮತ್ತಿ ಮರಕ್ಕೆ ಕಬ್ಬಿಣದ ಬಳೆ ಹೊಡೆದು ಕೇರಿಯ ಹುಡುಗಿಯರಿಗೆ ಆಟ ಕಲಿಸುತ್ತಾನೆ. ಇಬ್ಬರೂ ಸಿಕ್ಕಾಗ ಮಳೆ, ಭತ್ತ, ಇಟ್ಟಂಗಿ ಮಾತಾಡುತ್ತಾರೆ. ಗೋವಾದ ಹೆಸರು ಇಬ್ಬರ ಬಾಯಲ್ಲೂ ಬರುವುದಿಲ್ಲ.

ವಿಚಿತ್ರವೆಂದರೆ, ಆ ವರ್ಷದ ಮಾನೌಮಿಗೆ ಅನುಸೂಯಾಬಾಯಿ ಹಳೆಯ ಕಾಯಿಯನ್ನು ಎತ್ತಿ ಜೇವಿಯರನ ಕೈಗೇ ಕೊಟ್ಟಳು. “ನೀ ಒಡಿ,” ಅಂದಳು. ಮನೆಯ ಗಂಡಸು ಮಾಡುವ ಕೆಲಸ ಅದು. ಬಂದವರೆಲ್ಲ ಮುಖ ಮುಖ ನೋಡಿಕೊಂಡರು. ಮರುವರ್ಷವೂ ಅವನಿಗೇ ಕೊಟ್ಟಳು, ಅದರ ಮರುವರ್ಷವೂ. ಮಾನೌಮಿ ಹತ್ತಿರ ಬಂದರೆ ಜೇವಿಯರನಿಗೆ ಅನ್ನ ಸೇರುತ್ತಿರಲಿಲ್ಲ. ಈ ವರ್ಷ ಎಲ್ಲರೆದುರು ಹೇಳುತ್ತಾಳೆ, ಹಿರಿಯರನ್ನು ಮುಟ್ಟಿ ಮಾತು ತಪ್ಪಿದವನು ಇವನೇ ಅಂತ ತೋರಿಸುತ್ತಾಳೆ, ಅದಕ್ಕೇ ಕಾಯಿ ಕೊಡುತ್ತಿದ್ದಾಳೆ ಅಂತ ನಡುಗುತ್ತಲೇ ಹೋಗುತ್ತಿದ್ದ. ಹೋಗದೆ ಉಳಿದರೆ ಅದೇ ಒಪ್ಪಿಕೊಂಡಂತೆ ಅಂತ ಹೋ‌ಗುತ್ತಿದ್ದ. ಒಡೆದು, ಹಂಚಿ, ಉಂಡು, ಬದುಕಿದೆಯಾ ಬಡಜೀವವೇ ಅಂತ ಬಸ್ ಹತ್ತುತ್ತಿದ್ದ.

ಹೀಗೆ ಒಂಬತ್ತು ವರ್ಷ. ಎರಡು ಸಾವಿರದ ಆರರಲ್ಲಿ ಅವಳು ಹಾಸಿಗೆ ಹಿಡಿದಿದ್ದಳು. ಕಾಯಿ ಒಡೆದು, ಒಂದು ಚೂರು ಅವಳ ಅಂಗೈಗಿಟ್ಟಾಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನು ತಾಳಲಾರೆ ಅನಿಸಿತು ಅವನಿಗೆ.

“ಕಾಕು, ಆವತ್ತ ನಾಕಾದಾಗ ನಾ…”

“ಗೊತ್ತೈತಿ,” ಅಂದಳು. “ನಿಮ್ಮನಿಗೆ ಬಂದ ದಿನಾನ ಗೋದುಬಾಯಿ ಬಸ್ ಸ್ಟ್ಯಾಂಡಿನಾಗ ಎಲ್ಲಾ ಹೇಳಿದ್ಲು.”

“ಮತ್ತ ವರ್ಷಾ ವರ್ಷಾ ನನ್ನ ಕೈಯಾಗ ಯಾಕ ಕೊಟ್ಟಿ ಇದನ್ನ? ನಾ ಎಷ್ಟ ಅಂಜೀನಿ ನಿಂಗ ಗೊತ್ತೇನು?”

“ಕೊಡಲಿಲ್ಲಂದ್ರ ನೀ ಬರೂದ ಬಿಡ್ತಿದ್ದಿ.” ಅವಳು ಕೊಬ್ಬರಿಯ ಚೂರನ್ನು ಬೆರಳಲ್ಲಿ ತಿರುವಿದಳು. “ಹಾಸ್ಟೆಲ್ಲಿನೋರು ಬಿಟ್ರು, ಆಟ ಬಿಟ್ಟು ಹೋತು. ನನ್ನ ಮಗಗ ಇದ್ದಾಂವ ನೀ ಒಬ್ಬನ. ನೀನೂ ಅಂಜಿ ಓಡಿ ಹೋಗಿದ್ರ ಅಂವಾ ಯಾರ ಕೂಡ ಮಾತಾಡ್ಬೇಕು?” ಆಮೇಲೆ ದನಿ ತಗ್ಗಿಸಿದಳು. “ನಂಗ ಗೊತ್ತಂತ ಅವಂಗ ಹೇಳಬ್ಯಾಡ. ಅಂವಾ ನನ್ನಿಂದ ಮುಚ್ಚಿಟ್ಟೀನಿ ಅಂತ ತಿಳ್ಕೊಂಡಾನ.”

ಹಿತ್ತಲಲ್ಲಿ ಚೆಂಡು ಪುಟಿಯುವ ಸದ್ದು ಕೇಳುತ್ತಿತ್ತು. ಜೇವಿಯರ್ ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಮಾಲತೇಶ, “ಅವ್ವ ಏನಂದ್ಲು?” ಅಂದ.

“ಬರೋ ವರ್ಷಾನೂ ಬಾ ಅಂದ್ಲು.”

ಬರೋ ವರ್ಷದ ಮಾನೌಮಿಗೆ ಅನುಸೂಯಾಬಾಯಿ ಇರಲಿಲ್ಲ. ಕಟ್ಟೆಯ ಮೇಲಿನ ಕಾಯಲ್ಲಿ ಈಗ ಅವಳೂ ಇದ್ದಳು. ಜನರೆಲ್ಲ ಕೂಡಿದ ಮೇಲೆ ಮಾಲತೇಶ ಒಳಗೆ ಹೋಗಿ, ಬಗ್ಗಿ, ಆ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಯಾರ ಕಡೆಯೂ ನೋಡದೆ ನೇರವಾಗಿ ಬಂದು ಜೇವಿಯರನ ಕೈಗೆ ಕೊಟ್ಟ.